ಒಂದು ಕೋಡಿನ ಮಣ್ಣೆತ್ತು

ಕಂಡಕ್ಟರ್ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸುಖವೆಂದರೆ ಊರೂರಿನ ಹಳೆಯ ಸಾಮಾನು. ನನ್ನ ಡ್ಯೂಟಿ ಹೆಚ್ಚಾಗಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ನಡುವೆ ಇರುತ್ತದೆ; ಕೆಲವು ತಿಂಗಳು ಮುಂಡರಗಿ ಕಡೆಗೆ ಹಾಕುತ್ತಾರೆ. ಬಸ್ಸು ನಿಂತು ಡ್ರೈವರು ಚಹಾಕ್ಕೆ ಇಳಿದರೆ ನಾನು ಹಳೆ ಪಾತ್ರೆ ಅಂಗಡಿಯ ಕಡೆ ಹೊರಡುತ್ತೇನೆ. ಅಡಕೊತ್ತು, ಸುಣ್ಣದ ಡಬ್ಬಿ, ಕುಂಕುಮದ ಭರಣಿ, ಯಾರದೋ ಮನೆಯ ದೇವರ ಮುಂದೆ ಇದ್ದ ಬೆರಳುದ್ದದ ಗಂಟೆ. ಇಂಥ ಸಣ್ಣ ವಸ್ತುವನ್ನು ಅಂಗೈಯಲ್ಲಿಟ್ಟುಕೊಂಡು, ಯಾರ ಯಾರ ಹೆಬ್ಬೆರಳು ತಿಕ್ಕಿ ಇದು ಇಷ್ಟು ನುಣುಪಾಯಿತೋ ಎಂದು ನೋಡುವುದರಲ್ಲೇ ನನಗೆ ಸಂತೋಷ. ಲಕ್ಷ್ಮೇಶ್ವರದಲ್ಲಿ ಹಿತ್ತಾಳೆ, ತಾಮ್ರದ ಹಳೆ ಸಾಮಾನು ಮಾರುವ ಒಬ್ಬ ಮುದುಕರಿದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ನನಗೆ ಸೇರುವಂಥದ್ದೇನಾದರೂ ಬಂದರೆ ಅದನ್ನು ಗೋಣಿಚೀಲದ ಕೆಳಗೆ ಮುಚ್ಚಿಟ್ಟು ನನ್ನ ಬಸ್ಸಿನ ದಾರಿ ಕಾಯುತ್ತಾರೆ.

ಬೆಟಗೇರಿಯ ನಮ್ಮ ಮನೆ ಸಣ್ಣದು. ನನ್ನ ಹೆಂಡತಿಗೆ ಈ ಸಾಮಾನೆಲ್ಲ ಧೂಳು ಕೂಡಿಸುವ ಸರಕು. ಹಾಗಾಗಿ ನಾನು ತಂದದ್ದೆಲ್ಲ ಶಿರಹಟ್ಟಿಯ ಅಕ್ಕನ ಮನೆ ಸೇರುತ್ತಿತ್ತು. ಅಕ್ಕನಿಗೆ ಮಕ್ಕಳಿಲ್ಲ. ಅವಳ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತೇನೆ. ಅವರದು ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ. ಅಕ್ಕನ ಮನೆಯ ಗೋಡೆಯಲ್ಲಿ ಹಳೆಯ ಮಾಡಗಳಿದ್ದವು. ನಾನು ತಂದ ವಸ್ತುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಒಂದೊಂದನ್ನು ಒಂದೊಂದು ಮಾಡದಲ್ಲಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. ಸರಿ ಕಾಣದಿದ್ದರೆ ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡುತ್ತಿದ್ದಳು.

ಹಬ್ಬಗಳನ್ನಂತೂ ಅವಳು ಕೈಯಿಂದಲೇ ಕಟ್ಟುತ್ತಿದ್ದಳು. ಪೇಟೆಯಿಂದ ತಂದ ಮಣ್ಣೆತ್ತು ಅವಳ ಮನೆಯೊಳಗೆ ಎಂದೂ ಬಂದಿರಲಿಲ್ಲ. ಕೆರೆಯ ಮಣ್ಣು ತರಿಸಿ, ನಾದಿ, ಒದ್ದೆ ಬಟ್ಟೆ ಸುತ್ತಿಟ್ಟು ತಾನೇ ಎತ್ತು ಮಾಡುತ್ತಿದ್ದಳು. ಆಷಾಢದ ಮಂಗಳವಾರ ಮಣ್ಣಿನ ದೇವತೆ ಗುಳ್ಳವ್ವನನ್ನು ಮಾಡಿದರೆ ಓಣಿಯ ಹುಡುಗಿಯರು ತಮ್ಮ ಮನೆಯದನ್ನು ಬಿಟ್ಟು ಇವಳ ಗುಳ್ಳವ್ವನನ್ನು ನೋಡಲು ಬರುತ್ತಿದ್ದರು. ರಂಗೋಲಿಯ ಒಂದು ಎಳೆ ದಪ್ಪವಾದರೂ ಪೂರ್ತಿ ಅಳಿಸಿ ಹೊಸದಾಗಿ ಹಾಕುವ ಹೆಂಗಸು ಅವಳು. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದೆ ನಡೆದದ್ದು ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ಇಷ್ಟು ಬೇಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಚಾಚಾ ನನಗೊಂದು ದೀಪದ ಗೊಂಬೆ ಕೊಟ್ಟರು. ಗೇಣುದ್ದದ ಹಿತ್ತಾಳೆಯ ಹೆಣ್ಣು, ಎರಡೂ ಕೈಯಲ್ಲಿ ಹಣತೆ ಹಿಡಿದು ನಿಂತಿದ್ದಳು. ಸೀರೆಯ ನೆರಿಗೆ, ಜಡೆ, ಕಾಲಿನ ಕಡಗ ಎಲ್ಲ ಸ್ಪಷ್ಟವಾಗಿದ್ದವು. ಮುಖ ಮಾತ್ರ ಇರಲಿಲ್ಲ. ತಲೆಮಾರುಗಟ್ಟಲೆ ತಿಕ್ಕಿ ತಿಕ್ಕಿ ಕಣ್ಣು, ಮೂಗು, ಬಾಯಿ ಅಳಿಸಿಹೋಗಿ, ಅಲ್ಲೊಂದು ನುಣ್ಣನೆಯ ಉಬ್ಬು ಉಳಿದಿತ್ತು. ಒಯ್ದು ಕೊಟ್ಟಾಗ ಮಾಮಾ ಮುಖ ಸಣ್ಣದು ಮಾಡಿಕೊಂಡರು. ಮುಖವಿಲ್ಲದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದರು. ಅಕ್ಕ ನಕ್ಕು, ಇಷ್ಟು ಜನ ತಿಕ್ಕಿ ತೊಳೆದಿದ್ದಾರೆಂದರೆ ಇವಳನ್ನು ಎಷ್ಟು ಪ್ರೀತಿಯಿಂದ ನೋಡಿಕೊಂಡಿರಬೇಕು ಎಂದಳು. ಅವತ್ತಿನಿಂದ ದಿನಾ ಸಂಜೆ ಅದರಲ್ಲೇ ದೀಪ ಹಚ್ಚತೊಡಗಿದಳು.

ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ ನನಗೆ ವಾರದ ರಜೆ ಇತ್ತು. ಬೆಳಿಗ್ಗೆಯೇ ಶಿರಹಟ್ಟಿಗೆ ಹೋದೆ. ಪಡಸಾಲೆಯಲ್ಲಿ ಮಣೆಯ ಮೇಲೆ ಎತ್ತುಗಳನ್ನು ನಿಲ್ಲಿಸಿದ್ದಳು. ಮುಂದೆ ಸಣ್ಣ ಗೋದಲಿ, ಅದರಲ್ಲಿ ಜೋಳದ ಕಾಳು. ನಮಸ್ಕಾರ ಮಾಡಲು ಬಗ್ಗಿದವನು ಹಾಗೆಯೇ ನಿಂತೆ. ಎರಡೂ ಎತ್ತುಗಳಿಗೆ ಒಂದೊಂದೇ ಕೋಡು. ಒಂದೊಂದೇ ಕಣ್ಣು. ನನ್ನ ಬಲಗಡೆಗೆ ಬರುವ ಮಗ್ಗುಲಲ್ಲಿ ಸುಣ್ಣದ ಚುಕ್ಕೆ, ಕೆಮ್ಮಣ್ಣಿನ ಪಟ್ಟೆ ಎಲ್ಲ ಎಂದಿನಂತೆ ಚೆಂದವಾಗಿ ಬರೆದಿದ್ದಳು. ಎಡಗಡೆಯ ಮಗ್ಗುಲಲ್ಲಿ ಬರಿಯ ಮಣ್ಣು.

ಕೋಡು ಒಣಗಿ ಉದುರಿರಬೇಕೆಂದು ನೆಲದ ಮೇಲೆ ಹುಡುಕಿದೆ. ಏನೂ ಇರಲಿಲ್ಲ. ಒಂದು ಎತ್ತನ್ನು ಮೆಲ್ಲಗೆ ಎತ್ತಿ ನೋಡಿದೆ. ಮುರಿದ ಗುರುತು ಇರಲಿಲ್ಲ. ಕೋಡು ಇರಬೇಕಾದ ಜಾಗ ಒದ್ದೆ ಬೆರಳಿನಿಂದ ಸವರಿದಂತೆ ನುಣ್ಣಗಿತ್ತು.

“ಅಕ್ಕಾ, ಇನ್ನೊಂದ ಕೋಡ ಹಚ್ಚಾಕ ಮರತೀಯೇನ?” ಎಂದೆ.

ಅವಳು ಅಡಿಗೆಮನೆಯಿಂದ ಬಂದು, ಎತ್ತುಗಳ ಮುಂದೆ ಕುಳಿತು ನೋಡಿದಳು. ಬಹಳ ಹೊತ್ತು ನೋಡಿದಳು. “ಎರಡೂ ಅದಾವಲ್ಲೋ ತಮ್ಮಾ. ಬಸ್ಸಿನ ಧೂಳಿಗೆ ನಿನ್ನ ಕಣ್ಣಿಗೇ ಏನರ ಆಗೈತಿ ನೋಡು” ಎಂದಳು.

ಚೇಷ್ಟೆ ಮಾಡುತ್ತಿದ್ದಾಳೆಂದು ಅವಳ ಮುಖ ನೋಡಿದೆ. ಚೇಷ್ಟೆ ಇರಲಿಲ್ಲ. ಮಾಮಾ ಅಂಗಡಿಯ ಬಾಗಿಲಲ್ಲಿ ನಿಂತು ನನಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು. ಆಮೇಲೆ ಹೊರಗೆ ಕರೆದು, ಬೆಳಗಿನಿಂದ ತಾವೂ ಎರಡು ಸಲ ಹೇಳಿ ನೋಡಿದ್ದಾಗಿ, ಅವಳು ಸಿಟ್ಟಾಗುತ್ತಾಳೆಂದು ಬಿಟ್ಟಿದ್ದಾಗಿ ಹೇಳಿದರು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಅರಿಶಿನ ಕುಂಕುಮಕ್ಕೆಂದು ಬಂದವಳು ಎತ್ತುಗಳನ್ನು ನೋಡಿ, ಸೆರಗು ಹೊದ್ದು ಹೊರಗೆ ಬಂದಳು. ಕೋಡಿಲ್ಲದ ಎತ್ತನ್ನು ಪೂಜಿಸಿದ ಮನೆಯಲ್ಲಿ ಆ ವರ್ಷ ಸಾವಾಗುತ್ತದೆ ಎಂದು ಮಾಮಾನ ಕಿವಿಯ ಹತ್ತಿರ ಬಂದು ಹೇಳಿದಳು. ಅವಳು ಕೆಟ್ಟ ಹೆಂಗಸಲ್ಲ. ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅಂದಿನಿಂದ ನಾನು ಡ್ಯೂಟಿಯ ನಡುವೆ ಹೇಗಾದರೂ ಬಿಡುವು ಮಾಡಿಕೊಂಡು ಅಕ್ಕನ ಮನೆಗೆ ಹೋಗಿ ಬರತೊಡಗಿದೆ. ಹೋದಾಗಲೆಲ್ಲ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತಿತ್ತು. ಅವಳ ಎಡಭುಜದ ಮೇಲೆ ನೀಲಿಗಟ್ಟಿದ ಕಲೆಗಳಿದ್ದವು. ಬಾಗಿಲ ಚೌಕಟ್ಟಿಗೆ ತಾಗುತ್ತಿದ್ದಳಂತೆ. ಮದುವೆಯಾದಂದಿನಿಂದ ಅದೇ ಬಾಗಿಲುಗಳಲ್ಲಿ ಓಡಾಡಿದವಳು. ಒಮ್ಮೆ ಪೇಟೆಯಿಂದ ಬರುವಾಗ ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬಿದ್ದಿತ್ತು. ಬಿಸಿಲಿಗೆ ಕಾದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಆಗಾಗ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡು ಕೂರುತ್ತಿದ್ದಳು. ದವಾಖಾನೆಗೆ ಹೋಗೋಣವೆಂದರೆ, ಬಿಸಿಲಿಗೆ ಎಲ್ಲರಿಗೂ ತಲೆ ನೋಯುತ್ತದೆ ಎನ್ನುತ್ತಿದ್ದಳು. ಶಿರಹಟ್ಟಿಯಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದ್ದಾಯಿತು. ಅವರು ತಲೆನೋವಿನ ಗುಳಿಗೆ ಕೊಟ್ಟು, ಕಣ್ಣು ತೋರಿಸಲು ಹೇಳಿದರು. ಕಣ್ಣಿನವರು ಚಷ್ಮಾ ಕೊಟ್ಟರು. ಚಷ್ಮಾದಿಂದ ಬಲಗಡೆಯ ಜಗತ್ತು ಇನ್ನಷ್ಟು ಚೊಕ್ಕಟವಾಗಿ ಕಂಡಿರಬೇಕು, ಅಷ್ಟೆ.

ಪಂಚಮಿ ಬಂತು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಹೋಗಿ ತವರಿಗೆ ಕರೆತರಬೇಕು. ತಂದೆ ತಾಯಿ ಹೋದ ಮೇಲೆ ಬೆಟಗೇರಿಯ ನಮ್ಮ ಮನೆಯೇ ಅಕ್ಕನ ತವರು. ಹಾಗಾಗಿ ಅವಳನ್ನು ಕರೆತಂದೆ. ನನ್ನ ಹೆಂಡತಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಕಡಬು ಮಾಡಿದ್ದಳು. ಅಕ್ಕ ಊಟಕ್ಕೆ ಕುಳಿತಳು. ತಟ್ಟೆಯ ಬಲಗಡೆಯಿದ್ದ ಪಲ್ಯ, ಉಂಡಿ ತಿಂದು ಮುಗಿಸಿ, “ನನಗ ಕಡಬ ಹಾಕಲಿಲ್ಲಲ್ಲ?” ಎಂದು ನನ್ನ ಹೆಂಡತಿಯನ್ನು ಕೇಳಿದಳು. ಕಡಬು ತಟ್ಟೆಯ ಎಡಗಡೆಗೆ ಇತ್ತು. ನನ್ನ ಹೆಂಡತಿ ನನ್ನ ಮುಖ ನೋಡಿ, ತಟ್ಟೆಯನ್ನು ತಿರುಗಿಸಿಟ್ಟಳು. ಅಕ್ಕ ಕಡಬನ್ನು ನೋಡಿ ಸಂತೋಷಪಟ್ಟಳು. ಅದು ಆಗತಾನೇ ಬಡಿಸಿದ್ದೆಂದು ತಿಳಿದು ತಿಂದಳು.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಅವಳು ನಾಗಪ್ಪನ ರಂಗೋಲಿ ಹಾಕಿದಳು. ಚುಕ್ಕೆಗಳನ್ನು ನನ್ನ ಹೆಂಡತಿ ಇಟ್ಟುಕೊಟ್ಟಿದ್ದಳು. ಬಲಗಡೆಯ ಎಳೆಗಳು ಕೈಯಲ್ಲಿ ದಾರ ಹಿಡಿದು ಇಳಿಬಿಟ್ಟಂತೆ ಬಂದಿದ್ದವು. ಅರ್ಧಕ್ಕೆ ಬಂದು ಎಳೆ ನಿಂತಿತ್ತು. ಅಲ್ಲಿಂದಾಚೆ ಬರೀ ಚುಕ್ಕೆ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸಮಾಧಾನದಿಂದ ಕೈ ಒರೆಸಿಕೊಂಡಳು. ಹಾದಿಯಲ್ಲಿ ಹೋಗುವವರು ಅರ್ಧ ಹಾವನ್ನು ನೋಡಿ ನಿಂತು ಮುಂದೆ ಹೋಗುತ್ತಿದ್ದರು. ನಾನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡೆ. ಯಾಕೆ ತೆಗೆದೆನೋ ಆಗ ನನಗೂ ತಿಳಿದಿರಲಿಲ್ಲ.

ಇಷ್ಟರಲ್ಲಿ ಮಾಮಾನ ಮನಸ್ಸಿನಲ್ಲಿ ದೀಪದ ಗೊಂಬೆ ಕುಳಿತುಬಿಟ್ಟಿತ್ತು. ಅದು ಮನೆಗೆ ಬಂದ ಮೇಲೆಯೇ ಇದೆಲ್ಲ ಸುರುವಾಯಿತೆಂದು ಅವರು ಲೆಕ್ಕ ಹಾಕಿದ್ದರು. ಸಂಜೆ ದೀಪ ಹಚ್ಚಿದಾಗ ಆ ಮುಖವಿಲ್ಲದ ನೆರಳು ಗೋಡೆಯ ಮೇಲೆ ಅಲ್ಲಾಡುವುದನ್ನು ನೋಡಿ ಅವರು ಪಡಸಾಲೆಯಲ್ಲಿ ಕೂರುವುದನ್ನೇ ಬಿಟ್ಟಿದ್ದರಂತೆ. ಪಕ್ಕದ ಮನೆಯ ಮುದುಕಿ ಅದನ್ನು ಹರಿಯುವ ನೀರಿಗೆ ಬಿಟ್ಟುಬಿಡಿ ಎಂದಿದ್ದಳು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನಾನು ಅವರನ್ನು ತಡೆಯಲೂ ಇಲ್ಲ. ಬೇರೆ ದಾರಿ ನನಗೂ ಕಾಣುತ್ತಿರಲಿಲ್ಲ. ಶ್ರಾವಣದ ಒಂದು ಸೋಮವಾರ ಮೂವರೂ ಮುಂಡರಗಿಗೆ ಹೋಗಿ, ಅಲ್ಲಿಂದ ಕೊರ್ಲಹಳ್ಳಿಯ ಹೊಳೆಗೆ ಹೊರಟೆವು. ಅಕ್ಕನಿಗೆ ಗಂಗೆಯ ಪೂಜೆಗೆಂದು ಹೇಳಿದ್ದೆವು. ಗೊಂಬೆ ಮಾಮಾನ ಕೈಚೀಲದಲ್ಲಿ ಹಳೆ ಧೋತರದ ತುಂಡಿನಲ್ಲಿ ಸುತ್ತಿಕೊಂಡಿತ್ತು.

ಮೇಲಿನ ಸೀಮೆಯಲ್ಲಿ ಮಳೆ ಜೋರಾಗಿತ್ತು. ತುಂಗಭದ್ರೆ ಕೆಂಪಗೆ, ದಂಡೆಯ ಬಂಡೆಗಳನ್ನು ಅರ್ಧ ಮುಳುಗಿಸಿಕೊಂಡು ಹರಿಯುತ್ತಿದ್ದಳು. ಬಟ್ಟೆ ಒಗೆಯುವ ಹೆಂಗಸರು ಮೇಲಿನ ಬಂಡೆಗಳಿಗೆ ಸರಿದಿದ್ದರು. ಸಪ್ಪಳ ಹೆಚ್ಚಿರಲಿಲ್ಲ; ಅಷ್ಟು ನೀರು ಅಷ್ಟು ಮೆತ್ತಗೆ ಹೋಗುವುದನ್ನು ನೋಡಿದರೆ ಭಯವಾಗುತ್ತಿತ್ತು. ಮಾಮಾ ನಮ್ಮಿಂದ ಸ್ವಲ್ಪ ದೂರ ಹೋಗಿ ಬೆನ್ನು ಮಾಡಿ ನಿಂತರು. ಅವರು ಕೈಚೀಲ ಬಿಚ್ಚುವುದು ಕಾಣಿಸಿತು. ನಾನು ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದೆ. ಅಕ್ಕ ಕುಂಕುಮದ ಭರಣಿ ಹಿಡಿದು ಒಂದು ಅಗಲವಾದ ಬಂಡೆಯ ಮೇಲೆ ನಿಂತಿದ್ದಳು.

ಅವಳು ಜಾರಲಿಲ್ಲ. ಇದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಕಾಲು ಜಾರಿದ್ದರೆ ಮೈ ಓಲಾಡುತ್ತಿತ್ತು, ಕೂಗುತ್ತಿದ್ದಳು. ಅವಳು ಮನೆಯ ಪಡಸಾಲೆಯಲ್ಲಿ ನಡೆಯುವಂತೆ ಸಾವಕಾಶವಾಗಿ ಎಡಗಡೆಗೆ ಹೆಜ್ಜೆ ಇಟ್ಟಳು. ಎಡಗಡೆಗೆ ಬಂಡೆ ಮುಗಿದಿತ್ತು. ನೀರು ಸೊಂಟದವರೆಗೆ ಬಂದು ಅವಳ ಸೀರೆಯನ್ನು ತುಂಬಿ ಎಳೆಯಿತು. ನಾನು ಕಾಯಿ ಬಿಟ್ಟು ಬಿದ್ದೆನೋ ಹಾರಿದೆನೋ, ಅವಳ ಬಲಗೈ ನನ್ನ ಕೈಗೆ ಸಿಕ್ಕಿತು. ಒಗೆಯುತ್ತಿದ್ದ ಇಬ್ಬರು ಹೆಂಗಸರು ಓಡಿ ಬಂದು ನನ್ನ ಸೊಂಟ ಹಿಡಿದುಕೊಂಡರು. ಎಲ್ಲರೂ ಸೇರಿ ಎಳೆದು ಬಂಡೆಯ ಮೇಲೆ ಹಾಕಿದೆವು. ಅವಳ ಬಳೆ ಒಡೆದು ನನ್ನ ಅಂಗೈ ಕೊಯ್ದಿತ್ತು.

ಉಸಿರು ಬಂದ ಮೇಲೆ ನಾನು ಅವಳನ್ನು ಬೈದೆ. ಎದುರಿಗೆ ಇಷ್ಟು ದೊಡ್ಡ ಹೊಳೆ ಕಾಣಲಿಲ್ಲವೇ ಎಂದೆ. ಅವಳು ಹೆದರಿದಂತೆಯೂ ಇರಲಿಲ್ಲ. ಒದ್ದೆ ಕೂದಲು ಮುಖಕ್ಕೆ ಅಂಟಿತ್ತು. ನನ್ನನ್ನೇ ನೋಡುತ್ತ, “ಆ ಕಡೆ ಏನೂ ಇರಲಿಲ್ಲೋ ತಮ್ಮಾ” ಎಂದಳು.

ಮಾಮಾ ಅಷ್ಟರಲ್ಲಿ ಓಡಿ ಬಂದಿದ್ದರು. ಅವರ ಕೈ ಖಾಲಿಯಾಗಿತ್ತು. ಗೊಂಬೆ ನೀರಿಗೆ ಬಿದ್ದ ಗಳಿಗೆಯಲ್ಲೇ ಹೆಂಡತಿ ನೀರಿಗೆ ಹೋದದ್ದನ್ನು ನೋಡಿ, ಅವರು ಬಂಡೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ಬಹಳ ದಿನ ಅವರು ಆ ಗಳಿಗೆಯಿಂದ ಹೊರಗೆ ಬರಲಿಲ್ಲ. ತಾವು ಅದನ್ನು ಬಿಟ್ಟದ್ದಕ್ಕೇ ಅದು ಇವಳನ್ನು ಕರೆಯಿತು ಎಂದು ಆಸ್ಪತ್ರೆಯಲ್ಲೂ ಹೇಳುತ್ತಿದ್ದರು.

ಕೊರ್ಲಹಳ್ಳಿಯಿಂದ ಮನೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಸೀದಾ ಗದಗಕ್ಕೆ ಬಂದು ನನ್ನ ಹೆಂಡತಿಗೆ ಪರಿಚಯವಿದ್ದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದೆವು. ಆಕೆ ಹೆಚ್ಚು ಮಾತಿನವರಲ್ಲ. ನಾನು ಬಾಗಿಲು, ಚಪ್ಪಲಿ, ಕಡಬು, ಹೊಳೆ ಎಲ್ಲ ಹೇಳಿ, ಕೊನೆಗೆ ನಾಚಿಕೆಪಡುತ್ತಲೇ ಮೊಬೈಲಿನಲ್ಲಿದ್ದ ರಂಗೋಲಿಯ ಫೋಟೋ ತೋರಿಸಿದೆ. ಆಕೆ ಅದನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಅಕ್ಕನ ಮುಂದೆ ಒಂದು ಬಿಳಿ ಹಾಳೆ, ಪೆನ್ಸಿಲ್ ಇಟ್ಟು, ನಿಮಗೆ ಇಷ್ಟವಾದ ಹೂವು ಬರೆಯಿರಿ ಎಂದರು.

ಅಕ್ಕ ಖುಷಿಯಿಂದಲೇ ಬರೆದಳು. ಎಸಳಿನ ಮೇಲೆ ಎಸಳು, ಎಸಳೊಳಗೆ ಗೆರೆ. ಎಲ್ಲವೂ ಹಾಳೆಯ ಬಲತುದಿಗೆ ಒತ್ತರಿಸಿಕೊಂಡಿತ್ತು. ಅರ್ಧ ಹೂವು, ಅರ್ಧ ದೇಟು, ಬಲಗಡೆಗೆ ಮಾತ್ರ ಎಲೆ.

“ಮುಗೀತೇನ್ರಿ?” ಎಂದು ಡಾಕ್ಟರು ಕೇಳಿದರು.

“ಮುಗೀತ್ರಿ. ಇನ್ನೇನ ಐತಿ ಅದರಾಗ?”

ಡಾಕ್ಟರು ಎದ್ದು ಬಂದು ಅಕ್ಕನ ಎಡಗಡೆಗೆ ನಿಂತು ಮೆಲ್ಲಗೆ ಅವಳನ್ನು ಮಾತಾಡಿಸಿದರು. ಅಕ್ಕ ಬಲಗಡೆಗೆ ತಿರುಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ನನ್ನನ್ನು ನೋಡಿದಳು. ಅದೇ ಮೊದಲ ಸಲ ಅವಳ ಮುಖದಲ್ಲಿ ಹೆದರಿಕೆ ಕಂಡೆ.

ಆ ಸಂಜೆಯೇ ಹುಬ್ಬಳ್ಳಿಗೆ ಹೋಗಲು ಹೇಳಿದರು. ಅಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ಬಲಗಡೆಗೆ, ಮೇಲಿನ ಪೊರೆಗೆ ಹತ್ತಿಕೊಂಡು ಒಂದು ಗಡ್ಡೆ ಬೆಳೆದಿತ್ತು. ದೊಡ್ಡ ಲಿಂಬೆಹಣ್ಣಿನಷ್ಟಿದೆ ಎಂದರು. ವರ್ಷಗಟ್ಟಲೆ ಸಾವಕಾಶವಾಗಿ ಬೆಳೆದಿರಬೇಕು. ಆ ಜಾಗ ಒತ್ತಿದರೆ ಮನುಷ್ಯನಿಗೆ ಎಡಗಡೆ ಎನ್ನುವುದೇ ಇಲ್ಲವಾಗುತ್ತದೆ, ಕಣ್ಣು ಸರಿ ಇದ್ದರೂ ಅತ್ತ ಲಕ್ಷ್ಯವೇ ಹೋಗುವುದಿಲ್ಲ, ಹೋಗುತ್ತಿಲ್ಲ ಎನ್ನುವುದೂ ತಿಳಿಯುವುದಿಲ್ಲ ಎಂದು ಸರ್ಜನ್ ತಿಳಿಸಿ ಹೇಳಿದರು. ಬೆಳಕಿಗೆ ಹಿಡಿದು ತೋರಿಸಿದ ಚಿತ್ರದಲ್ಲಿ ಅದು ಬೆಳ್ಳಗೆ, ದುಂಡಗೆ, ನುಣ್ಣಗೆ ಕಾಣುತ್ತಿತ್ತು. ನಾನು ಹೆಚ್ಚು ಹೊತ್ತು ಅದನ್ನು ನೋಡಲಾರದೆ ಹೊರಗೆ ಬಂದೆ.

ಆಪರೇಷನ್ ದಸರೆಗೆ ಮೊದಲು ಆಯಿತು. ಬೆಳಿಗ್ಗೆ ಒಳಗೆ ಕರೆದೊಯ್ದವರು ಮಧ್ಯಾಹ್ನ ದಾಟಿದರೂ ಹೊರಗೆ ತರಲಿಲ್ಲ. ಮಾಮಾ ನೀರೂ ಕುಡಿಯದೆ ಬೆಂಚಿನ ಮೇಲೆ ಕುಳಿತಿದ್ದರು. ಲಕ್ಷ್ಮೇಶ್ವರದಿಂದ ಚಾಚಾ ಬಂದರು. ಯಾರಿಂದಲೋ ಅವರಿಗೆ ಖಬರ ಮುಟ್ಟಿತ್ತು, ಗೊಂಬೆಯ ಸುದ್ದಿಯೂ ಸೇರಿ. ಅವರು ಮಾಮಾನ ಪಕ್ಕದಲ್ಲಿ ಕುಳಿತು, ಆ ಗೊಂಬೆ ಯಾವ ಮನೆಯಿಂದ ಬಂತೆಂಬುದನ್ನು ಹೇಳಿದರು. ಲಕ್ಕುಂಡಿಯ ಒಂದು ಮನೆ. ಅಲ್ಲಿನ ಹಿರಿಯಾಕೆ ತೊಂಬತ್ತು ದಾಟಿ ಬದುಕಿ, ಕೊನೆಯ ತನಕ ಅದನ್ನು ತಿಕ್ಕಿ ದೀಪ ಹಚ್ಚಿದ್ದಳು. “ಅದರಾಗ ಖೋಡಿ ಇದ್ದಿದ್ರ ನಾ ನಿಮ್ಮ ಮನಿಗೆ ಕಳಸ್ತಿರಲಿಲ್ರಿ” ಎಂದರು. ಮಾಮಾ ಅವರ ಕೈ ಹಿಡಿದುಕೊಂಡು ಅತ್ತರು. ಸಮಾಧಾನವಾಯಿತೋ ಇಲ್ಲವೋ ಹೇಳಲಾರೆ. ಆದರೆ ಚಾಚಾ ಕೊಟ್ಟ ನೀರು ಕುಡಿದರು.

ಅಕ್ಕ ಬದುಕಿದಳು. ಗಡ್ಡೆ ಕೆಟ್ಟ ಜಾತಿಯದಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಒಂದು ದೊಡ್ಡ ರಕ್ತನಾಳಕ್ಕೆ ಹತ್ತಿಕೊಂಡಿದ್ದ ಚೂರನ್ನು ತೆಗೆಯಲು ಆಗಿರಲಿಲ್ಲ. ಅದು ಮತ್ತೆ ಬೆಳೆಯುತ್ತದೆಯೇ ಎಂದು ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರಬೇಕು ಎಂದರು.

ದಸರೆಯ ದಿನ ಅವಳು ಇನ್ನೂ ವಾರ್ಡಿನಲ್ಲಿದ್ದಳು. ತಲೆಗೆ ಬಿಳಿ ಪಟ್ಟಿ, ಮುಖ ಬಾತಿತ್ತು. ಅಂದು ಬನ್ನಿಯ ಎಲೆ ಕೊಟ್ಟು ಹಿರಿಯರಿಗೆ ನಮಸ್ಕರಿಸುವುದು ಪದ್ಧತಿ. ನಾನು ಬನ್ನಿ ಒಯ್ದಿದ್ದೆ. ಬೇಕೆಂದೇ ಅವಳ ಎಡಗೈಯಲ್ಲಿ ಇಟ್ಟೆ. ಕೈ ಹಾಗೆಯೇ ಬಿದ್ದಿತ್ತು. ಎಲೆಗಳು ಹಾಸಿಗೆಯ ಮೇಲೆ ಚೆಲ್ಲಿದವು. ನಾನು ಮತ್ತೆ ಆರಿಸಿ ಇಟ್ಟೆ, ಬೆರಳುಗಳನ್ನು ಮಡಚಿದೆ. ಅವಳು ಮೇಲೆ ನೋಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕಣ್ಣು ಮೆಲ್ಲಮೆಲ್ಲನೆ ಆ ಕಡೆ ಹೊರಳಿತು, ದಂಡೆಯಿಂದ ದಂಡೆಗೆ ಹುಟ್ಟು ಹಾಕಿದಷ್ಟು ಕಷ್ಟಪಟ್ಟು. ಕೈಯನ್ನು ನೋಡಿದಳು. ಕೈಯಲ್ಲಿದ್ದ ಎಲೆಯನ್ನು ನೋಡಿದಳು.

“ಬನ್ನಿ ತಂದೀಯೇನೋ” ಎಂದಳು. ಮಾಮಾ ಮುಖ ಆಚೆ ತಿರುಗಿಸಿಕೊಂಡರು.

ಮನೆಗೆ ಬಂದ ಮೇಲೆ ಅವಳ ಎಡಗಡೆ ಒಮ್ಮೆಲೇ ವಾಪಸ್ಸು ಬರಲಿಲ್ಲ. ವ್ಯಾಯಾಮ ಕಲಿಸಲು ಬರುತ್ತಿದ್ದ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು. ಯಾವ ಕೆಲಸ ಮಾಡಿದರೂ ಅದರ ಎಡತುದಿಗೆ ಕೆಂಪು ಬಣ್ಣದ್ದೇನಾದರೂ ಇಡಬೇಕು. ಆ ಕೆಂಪು ಸಿಗುವ ತನಕ ಅಕ್ಕ ಕಣ್ಣು ಸರಿಸುತ್ತಾ ಹೋಗಬೇಕು. ಮಾಮಾ ತಟ್ಟೆಯ ಎಡಗಡೆಗೆ ಕೆಂಪು ಪಟ್ಟಿ ಅಂಟಿಸಿದರು. ಬಾಗಿಲ ಚೌಕಟ್ಟಿಗೆ ಕೆಂಪು ಬಳಿದರು. ಪಕ್ಕದ ಮನೆಯ ಮುದುಕಿ ದಿನಾ ಬಂದು ಅಕ್ಕನ ಎಡಗಡೆಗೇ ಕುಳಿತು ಮಾತಾಡಿಸುತ್ತಿದ್ದಳು. ಹಾಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಚಳಿಗಾಲದಲ್ಲಿ ಅಕ್ಕ ಒಂದು ಕೌದಿ ಹೊಲಿಯಲು ಕುಳಿತಳು. ಮಾಮಾನ ಹಳೆ ಧೋತರ, ತನ್ನ ಹಳೆ ಸೀರೆಗಳು, ಅಂಗಡಿಯಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳು. ನನ್ನ ಹೆಂಡತಿ ಹೋಗಿ ಎಡ ಅಂಚಿನುದ್ದಕ್ಕೆ ದಪ್ಪ ಕೆಂಪು ದಾರ ಹಾಕಿಕೊಟ್ಟು ಬಂದಳು. ಮೊದಲ ಸಾಲುಗಳು ಅರ್ಧಕ್ಕೇ ನಿಂತವು. ಅಕ್ಕನೇ ಅದನ್ನು ಬೆರಳಿನಿಂದ ತಡವಿ ಕಂಡುಹಿಡಿದು ಬಿಚ್ಚಿದಳು. ಮತ್ತೆ ಹೊಲಿದಳು. ಅವಳು ಹೊಲಿಯುವಾಗ ನಾನು ಎಷ್ಟೋ ಸಲ ಎದುರಿಗೆ ಕುಳಿತಿದ್ದೇನೆ. ಸೂಜಿ ಬಟ್ಟೆಯ ನಡುವಿಗೆ ಬರುತ್ತದೆ. ಅಲ್ಲಿ ಅವಳ ಕೈ ಒಂದು ಗಳಿಗೆ ತಡೆಯುತ್ತದೆ. ಹಾದಿ ಮುಗಿಯಿತು ಎನ್ನುವ ಹಾಗೆ ದಾರ ಕತ್ತರಿಸಲು ಕತ್ತರಿ ಹುಡುಕುತ್ತಾಳೆ. ಆಮೇಲೆ ಏನೋ ನೆನಪಾಗಿ, ಕತ್ತು ತಿರುಗಿಸಿ, ಬಟ್ಟೆಯ ಮೇಲೆ ಅಂಗೈ ಸವರುತ್ತಾ ಮುಂದೆ ಹೋಗುತ್ತಾಳೆ.

ಕೆಲವು ದಿನ ಕೆಂಪು ದಾರವನ್ನು ಬೇಗ ಮುಟ್ಟುತ್ತಾಳೆ. ಕೆಲವು ದಿನ ಅಂಗೈ ನಡುವಿನಲ್ಲೇ ನಿಂತುಬಿಡುತ್ತದೆ, ಆಗ ನಾನೂ ಮಾಮಾನೂ ಕಾಯುತ್ತೇವೆ. ಹೋದ ವಾರ ಅಂಥದೇ ಒಂದು ದಿನವಿತ್ತು. ಮುಂದಿನ ಸ್ಕ್ಯಾನ್ ಯುಗಾದಿಯ ನಂತರ. ಕೌದಿ ಇನ್ನೂ ಮುಗಿದಿಲ್ಲ.